ಮೆಂತ್ಯದ ಪುಟ

ಮೊದಲ ಚೆಕ್ಕು ತಗೊಂಡು ಹೋದ ದಿನ ಬ್ಯಾಂಕಿನ ಗುಮಾಸ್ತರು ಅದನ್ನು ಎರಡು ಸಲ ತಿರುಗಿಸಿ ನೋಡಿ, ಕಿಟಕಿಯ ಬೆಳಕಿಗೆ ಹಿಡಿದು, ಕೊನೆಗೆ ಮ್ಯಾನೇಜರ ಕೋಣೆಗೆ ಒಯ್ದರು. ಹೊಳೆನರಸೀಪುರದ ಆ ಶಾಖೆಗೆ ಡಾಲರ್ ಚೆಕ್ಕು ಹೊಸದಾಗಿರಲಿಲ್ಲ. ಮಗನೋ ಅಳಿಯನೋ ಕಳಿಸಿದ್ದು ಯಾರದೋ ಮನೆಗೆ ಬರುತ್ತಿತ್ತು. ಆದರೆ ಕಳಿಸಿದವರ ಜೊತೆ ಯಾವ ನೆಂಟಸ್ತಿಕೆಯೂ ಇಲ್ಲದೆ, ಮನೆಯಲ್ಲೇ ಇರುವ ಹೆಂಗಸೊಬ್ಬಳ ಹೆಸರಿಗೆ ಬಂದದ್ದು ಅದೇ ಮೊದಲಂತೆ. ಮ್ಯಾನೇಜರು ನನ್ನನ್ನು ಕೂರಿಸಿಕೊಂಡರು.

"ಇದು ಯಾವ ಬಾಬ್ತಮ್ಮ?"

"ಜಾಹೀರಾತಿನದ್ದು ಸಾರ್. ನನ್ನದೊಂದು ವೆಬ್‌ಸೈಟಿದೆ. ಅದರಲ್ಲಿ ಜಾಹೀರಾತು ಬರುತ್ತೆ."

"ಯಾರ ಜಾಹೀರಾತು?"

"ಅದು ಗೊತ್ತಿಲ್ಲ ಸಾರ್. ಅವರೇ ಹಾಕ್ತಾರೆ."

ಅವರು ನಕ್ಕರು. ನಾನೂ ನಕ್ಕೆ. ಯಾರ ಜಾಹೀರಾತೆಂದು ಗೊತ್ತಿಲ್ಲದೆ ದುಡ್ಡು ತಗೊಳ್ಳುವುದು ಆವತ್ತು ನಗುವ ವಿಷಯವಾಗಿತ್ತು.

ನಾನು ಹುಟ್ಟಿ ಬೆಳೆದದ್ದು ಚನ್ನರಾಯಪಟ್ಟಣದಲ್ಲಿ. ಅಪ್ಪ ಅಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ತೊಂಬತ್ತರ ದಶಕದ ಮೊದಲಲ್ಲಿ ಬಾಗೂರು, ಹಿರೀಸಾವೆ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು ಇಳಿದ ಹುಡುಗ ಹುಡುಗಿಯರು ಕಾಲೇಜಿಗೆ ಹೋಗುವ ಮುಂಚೆ ನಮ್ಮಲ್ಲಿ ಒಂದು ಗಂಟೆ ಕುಟ್ಟಿ ಹೋಗುತ್ತಿದ್ದರು. ಅಕ್ಕ, ನಾನು ಇಬ್ಬರೂ ಟೈಪಿಂಗಿನ ಇಂಗ್ಲಿಷ್ ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದೆವು. ಅಕ್ಕನನ್ನು ಅರಕಲಗೂಡಿಗೆ ಕೊಟ್ಟರು. ಭಾವ ಅಲ್ಲಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಗಣಿತದವರಾದರೂ ಅವರಿಗೆ ಇಂಗ್ಲಿಷಿನ ಹುಚ್ಚು. ರಜಕ್ಕೆ ಬಂದಾಗ ನನ್ನ ಕೈಲಿ ಪ್ರಬಂಧ ಬರೆಸಿ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು. ಅಪ್ಪ ಪಿಯುಸಿಗೇ ನಿಲ್ಲಿಸಬೇಕೆಂದಿದ್ದಾಗ, "ಅಂಚೆಯಲ್ಲಾದರೂ ಬಿ.ಎ. ಕಟ್ಟಿಸಿ ಮಾವ, ಈ ಹುಡುಗಿ ಬರೀತಾಳೆ" ಎಂದು ಹಟ ಹಿಡಿದು ಫೀಸು ಕಟ್ಟಿದವರೂ ಅವರೇ.

ನನ್ನ ಮದುವೆಯಾಗುವ ಹೊತ್ತಿಗೆ ಟೈಪಿಂಗ್ ಕಲಿಯುವವರೇ ಇರಲಿಲ್ಲ. ಅಪ್ಪ ಮೆಷಿನ್ನುಗಳನ್ನು ಒಂದೊಂದಾಗಿ ಗುಜರಿಗೆ ಹಾಕಿದರು. ನಾನು ಹೊಳೆನರಸೀಪುರಕ್ಕೆ ಬಂದೆ. ಕೋಟೆಯ ಹತ್ತಿರದ ಹಳೇ ಮನೆ, ಅತ್ತೆ, ನನ್ನವರು, ನಾನು. ನನ್ನವರು ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಹೊರದೇಶಕ್ಕೆ ಯಂತ್ರದ ಬಿಡಿಭಾಗ ಕಳಿಸುವ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರು. ದಿನಾ ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದರು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಧ್ಯಾಹ್ನದ ಹೊತ್ತು ನನಗೆ ಬಹಳ ಉದ್ದವಾಗಿತ್ತು, ಅಷ್ಟು ಹೇಳಿದರೆ ಸಾಕು.

ಹಾಸನದಲ್ಲಿ ಮೂರು ತಿಂಗಳು ಕಂಪ್ಯೂಟರ್ ಕೋರ್ಸಿಗೆ ಸೇರಿಸಿದ್ದು ನನ್ನವರು. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದರು, ಟೆಲಿಫೋನಿನವರಿಂದ ಬ್ರಾಡ್‌ಬ್ಯಾಂಡ್ ಹಾಕಿಸಿದರು. 2006ರಲ್ಲಿ ನಾನು ವೆಬ್‌ಸೈಟ್ ಶುರು ಮಾಡಿದೆ. ಇಂಗ್ಲಿಷಿನಲ್ಲಿ ನಮ್ಮ ಕಡೆಯ ಅಡುಗೆ, ಮನೆಮದ್ದು. ಹುರುಳಿ ಕಟ್ಟಿನ ಸಾರು, ಬಸ್ಸಾರು, ಬಾಣಂತಿಗೆ ಕೊಡುವ ಕಷಾಯ, ಮಕ್ಕಳ ಕೆಮ್ಮಿಗೆ ದೊಡ್ಡಪತ್ರೆ. ಯಾರು ಓದುತ್ತಾರೆ ಎಂದುಕೊಂಡಿದ್ದೆ. ಓದಿದರು. ಎಲ್ಲೆಲ್ಲಿಂದಲೋ ಇಮೇಲ್ ಬರುತ್ತಿತ್ತು. ಒಬ್ಬಾಕೆ, ತನ್ನ ತಾಯಿ ತೀರಿಕೊಂಡ ಮೇಲೆ ಹುರುಳಿ ಸಾರಿನ ರುಚಿ ಮರೆತೇ ಹೋಗಿತ್ತು, ನಿಮ್ಮ ಅಳತೆಯಲ್ಲಿ ಮಾಡಿದೆ, ಅದೇ ಬಂತು ಎಂದು ಬರೆದಿದ್ದಳು. ಅದನ್ನು ಅತ್ತೆಗೆ ಓದಿ ಹೇಳಿದೆ. ಅಳತೆ ಅತ್ತೆಯದೇ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಜಾಹೀರಾತು ಹಾಕುವ ಕಂಪನಿಗೆ ಅರ್ಜಿ ಹಾಕಿದೆ. ವಿಳಾಸ ನಿಜವೇ ಎಂದು ತಿಳಿಯಲು ಅವರು ಅಂಚೆಯಲ್ಲಿ ಒಂದು ಗುಟ್ಟಿನ ನಂಬರು ಕಳಿಸಿದರು. ಪೋಸ್ಟ್‌ಮ್ಯಾನ್ ಬಾಗಿಲಲ್ಲೇ ನಿಂತು, "ಅಮ್ಮಾ, ಪಾರಿನ್ ಕಾಗ್ದ ಬಂದದೆ, ಒಡುದ್ ನೋಡಿ, ಏನಂತೆ ಏಳಿ" ಎಂದು ಕಾದು ನಿಂತಿದ್ದು ನೆನಪಿದೆ. ನನ್ನ ಪುಟದ ಪಕ್ಕದಲ್ಲಿ ಅವರ ಜಾಹೀರಾತು ಬರುತ್ತದೆ, ಓದುವವರು ಅದನ್ನು ಒತ್ತಿದರೆ ನನಗೆ ಚೂರು ದುಡ್ಡು. ಇಷ್ಟೇ ವ್ಯವಹಾರ. ಕಷಾಯದ ಪಕ್ಕದಲ್ಲಿ ಎಲ್ಲೋ ಪರದೇಶದ ಮನೆ ಸಾಲದ ಜಾಹೀರಾತು, ಬಸ್ಸಾರಿನ ಕೆಳಗೆ ವಿಮಾನದ ಟಿಕೆಟ್ಟು.

ಎಲ್ಲಕ್ಕಿಂತ ಹೆಚ್ಚು ಜನ ಬರುತ್ತಿದ್ದದ್ದು ಮೆಂತ್ಯದ ಪುಟಕ್ಕೆ. ಅತ್ತೆಗೆ ಸಕ್ಕರೆ ಕಾಯಿಲೆ. ಇಪ್ಪತ್ತು ವರ್ಷದ್ದು. ಬೆಳಿಗ್ಗೆ ಎದ್ದು ನೆನೆಹಾಕಿದ ಮೆಂತ್ಯ ತಿನ್ನುತ್ತಿದ್ದರು, ಜೊತೆಗೆ ಡಾಕ್ಟರು ಕೊಟ್ಟ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸುತ್ತಿರಲಿಲ್ಲ. ಅದನ್ನೇ ಬರೆದಿದ್ದೆ. ಮೆಂತ್ಯ ಸಹಾಯ ಮಾಡುತ್ತದೆ, ಮಾತ್ರೆಯ ಬದಲಿಗಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದೆ.

ಭಾವನಿಗೂ ಆ ಕಾಯಿಲೆ ನಲವತ್ತೈದರಲ್ಲೇ ಬಂದಿತ್ತು. ಅರಕಲಗೂಡಿನ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಪ್ರತಿ ಭಾನುವಾರ ಹೋಗಿ ನಾನು ಹೊಸದಾಗಿ ಬರೆದದ್ದನ್ನೆಲ್ಲ ಪ್ರಿಂಟ್ ತೆಗೆಸಿ, ತೂತು ಹಾಕಿ, ಫೈಲಿನಲ್ಲಿಡುತ್ತಿದ್ದರು. ಕೆಂಪು ಶಾಯಿ ಬಿಟ್ಟಿರಲಿಲ್ಲ. "ಇಲ್ಲಿ 'the' ಬೇಕಿತ್ತು ಕಣಮ್ಮ" ಎಂದು ಫೋನು ಮಾಡುತ್ತಿದ್ದರು. ಸ್ಕೂಲಿಗೆ ಬಂದ ಇನ್‌ಸ್ಪೆಕ್ಟರಿಗೂ ಆ ಫೈಲು ತೋರಿಸಿದ್ದಾರೆ ಎಂದು ಅಕ್ಕ ಹೇಳಿ ನಗುತ್ತಿದ್ದಳು.

2008ರ ಕೊನೆಯಲ್ಲಿ ನನ್ನವರು ಒಂದು ದಿನ ಮಧ್ಯಾಹ್ನದ ಬಸ್ಸಿಗೇ ಮನೆಗೆ ಬಂದರು. ಹಾಗೆ ಎಂದೂ ಬಂದವರಲ್ಲ. ಅತ್ತೆ, "ಮೈ ಹುಷಾರಿಲ್ವೇನೋ?" ಎಂದರು. ಅವರು ಶೂ ಬಿಚ್ಚುತ್ತಾ, "ರಿಸೆಷನ್ ಅಂತೆ ಅಮ್ಮ. ಆರ್ಡರ್ ನಿಂತೋಗಿದೆ. ಎರಡು ಶಿಫ್ಟ್ ತೆಗೆದ್ರು" ಎಂದರು. ಅತ್ತೆಗೆ ಆ ಪದ ಅರ್ಥವಾಗಲಿಲ್ಲ. ನನಗೂ ಪೇಪರಿನಲ್ಲಿ ಓದಿದ ಪದವಷ್ಟೇ ಆಗಿತ್ತು. ಅಮೆರಿಕದಲ್ಲಿ ಯಾರೋ ಮನೆ ಕಳೆದುಕೊಂಡರೆ ಹಾಸನದಲ್ಲಿ ಬೋಲ್ಟು ತಿರುಗಿಸುವವರು ಯಾಕೆ ಮನೆಗೆ ಬರಬೇಕು ಎಂದು ಅವರಿಗೆ ಅರ್ಥ ಮಾಡಿಸಲು ನನ್ನ ಕೈಲಿ ಆಗಲಿಲ್ಲ.

ಒಂದೆರಡು ತಿಂಗಳಲ್ಲಿ ಮತ್ತೆ ಕರೆಯುತ್ತಾರೆ ಎಂದುಕೊಂಡೆವು. ಅವರು ಹಾಸನದ ಕಾರ್ಖಾನೆಗಳಿಗೆಲ್ಲ ಅರ್ಜಿ ಹಿಡಿದು ತಿರುಗಿದರು. ಎಲ್ಲ ಗೇಟಿನಲ್ಲೂ ಕೆಲಸ ಕಳೆದುಕೊಂಡು ನಿಂತವರೇ ಸಿಗುತ್ತಿದ್ದರು. ಆಮೇಲೆ ತಿರುಗುವುದನ್ನೂ ಬಿಟ್ಟರು. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಜಗುಲಿಯ ಮೇಲೆ ಪೇಪರ್ ಹಿಡಿದು ಕೂರುತ್ತಿದ್ದರು. ರೈಲು ಕೂಗಿದ ಸದ್ದು ಮನೆಗೆ ಕೇಳುತ್ತಿತ್ತು. ಆಗ ಪೇಪರನ್ನು ಸ್ವಲ್ಪ ಮೇಲಕ್ಕೆತ್ತಿ ಮುಖ ಮುಚ್ಚಿಕೊಳ್ಳುತ್ತಿದ್ದರು.

ಹೀಗೆ ಕೈಖರ್ಚಿಗೆಂದು ಇದ್ದ ನನ್ನ ವೆಬ್‌ಸೈಟೇ ಮನೆ ನಡೆಸುವ ಆದಾಯವಾಯಿತು. ಅದೇ ಹೊತ್ತಿಗೆ ಅದೂ ಕುಸಿಯತೊಡಗಿತು. ವಿಚಿತ್ರವೆಂದರೆ ಓದುವವರು ಕಡಿಮೆಯಾಗಲಿಲ್ಲ. ಹೆಚ್ಚಾದರು. ಹೊರದೇಶದಲ್ಲಿ ಕೆಲಸ ಹೋದವರು, ಹೋಟೆಲ್ ಊಟ ಬಿಟ್ಟವರು ಮನೆಯಲ್ಲಿ ಅಡುಗೆ ಮಾಡಲು ಶುರು ಮಾಡಿದ್ದರು. "ಕಡಿಮೆ ಖರ್ಚಿನಲ್ಲಿ ನಾಲ್ಕು ಜನಕ್ಕೆ ಏನು ಮಾಡಬಹುದು" ಎಂದು ಕೇಳಿ ಬರೆಯುತ್ತಿದ್ದರು. ಆದರೆ ಜಾಹೀರಾತು ಕೊಡುವ ಕಂಪನಿಗಳು ಕೈ ಬಿಗಿ ಹಿಡಿದಿದ್ದವು. ಮೊದಲು ಒಬ್ಬರು ಒತ್ತಿದರೆ ಸಿಗುತ್ತಿದ್ದದ್ದು ಈಗ ಐದಾರು ಜನ ಒತ್ತಿದರೂ ಸಿಗುತ್ತಿರಲಿಲ್ಲ. ಚೆಕ್ಕು ತಿಂಗಳಿಗೊಮ್ಮೆ ಬರುತ್ತಿದ್ದದ್ದು ಮೂರು ತಿಂಗಳಿಗೊಮ್ಮೆಯಾಯಿತು.

ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ನನ್ನವರು ಹಿಂದೆ ಬಂದು ನಿಲ್ಲುತ್ತಿದ್ದರು.

"ಎಷ್ಟಾಯ್ತು?"

"ಈಗ ತಾನೆ ಹಚ್ಚಿದೀನಿ."

ಮತ್ತೆ ಮಧ್ಯಾಹ್ನ ಕೇಳುತ್ತಿದ್ದರು. ಕೆಟ್ಟವರಲ್ಲ ಅವರು. ಬೇರೆ ಕೇಳಲು ಅವರಿಗೆ ಏನೂ ಇರಲಿಲ್ಲ. ಆದರೂ ಅವರು ಹಿಂದೆ ಬಂದು ನಿಂತರೆ ನನ್ನ ಹೆಗಲು ಸೆಟೆದುಕೊಳ್ಳುತ್ತಿತ್ತು.

2009ರ ಮೊದಲಲ್ಲಿ ಹೊರ ರಾಜ್ಯದ ಒಂದು ಕಂಪನಿಯಿಂದ ಇಮೇಲ್ ಬಂತು. ಸಕ್ಕರೆ ಕಾಯಿಲೆಗೆ ಪುಡಿ ಮಾಡುತ್ತೇವೆ, ಪೂರ್ತಿ ಗಿಡಮೂಲಿಕೆಯದು, ನಿಮ್ಮ ಮೆಂತ್ಯದ ಪುಟ ನೋಡಿದೆವು. ಅಲ್ಲಿ ನಮ್ಮ ಲಿಂಕ್ ಹಾಕಿ, ನಿಮ್ಮ ಪುಟದಿಂದ ಬಂದು ಯಾರಾದರೂ ಕೊಂಡರೆ ಬೆಲೆಯ ಕಾಲು ಭಾಗ ನಿಮಗೆ. ಅಫಿಲಿಯೇಟ್ ಎನ್ನುತ್ತಿದ್ದರು ಅದಕ್ಕೆ. ಕಾರ್ಡು ಇಲ್ಲದವರೂ ಕೊಳ್ಳಬಹುದಿತ್ತು. ವಿಳಾಸ ತುಂಬಿದರೆ ವಿ.ಪಿ.ಪಿ.ಯಲ್ಲಿ ಮನೆಗೆ ಬರುತ್ತಿತ್ತು, ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟರಾಯಿತು.

ಎರಡು ವಾರ ಅದಕ್ಕೆ ಉತ್ತರ ಬರೆಯಲಿಲ್ಲ. ಆಮೇಲೆ ನನ್ನವರಿಗೆ ತೋರಿಸಿದೆ.

"ಗಿಡಮೂಲಿಕೆ ತಾನೆ? ತಿಂದೋರಿಗೆ ಏನಾಗುತ್ತೆ?" ಎಂದರು.

"ಏನೂ ಆಗದೇ ಇರಬಹುದು. ಕಾಯಿಲೆಯೂ ವಾಸಿಯಾಗದೇ ಇರಬಹುದು."

"ಈಗಿನ ಜಾಹೀರಾತಲ್ಲಿ ಬರೋದೆಲ್ಲ ನಿಜವೇನು? ಅವು ಯಾವುದೂ ನಿನ್ನ ಕೇಳಿ ಬಂದದ್ದಲ್ವಲ್ಲ."

ಅವರ ಮಾತನ್ನು ಹಿಡಿದುಕೊಂಡೆ. ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ಲಿಂಕ್ ಹಾಕಿದೆ. ಒಂದು ತಿಂಗಳಲ್ಲಿ ಇಬ್ಬರೇ ಕೊಂಡರು. ಕಂಪನಿಯವರು ಮತ್ತೆ ಬರೆದರು. ಬರಿಯ ಲಿಂಕ್ ಇದ್ದರೆ ಯಾರೂ ಕೊಳ್ಳುವುದಿಲ್ಲ, ನಿಮ್ಮ ಸ್ವಂತ ಅನುಭವ ಬರೆಯಿರಿ, ನಿಮ್ಮ ಓದುಗರು ನಿಮ್ಮನ್ನು ನಂಬುತ್ತಾರೆ. ಎಷ್ಟು ಸರಿಯಾಗಿ ಹೇಳಿದ್ದರು!

ಅದೊಂದು ಮಂಗಳವಾರ. ಅತ್ತೆ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನು ಮೆಂತ್ಯದ ಪುಟ ತೆರೆದು ಹೊಸದಾಗಿ ನಾಲ್ಕು ಸಾಲು ಸೇರಿಸಿದೆ. ನಮ್ಮ ಅತ್ತೆಯವರಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಈ ಪುಡಿ ಮೂರು ತಿಂಗಳು ತಗೊಂಡರು, ಈಗ ಮಾತ್ರೆ ನಿಲ್ಲಿಸಿದ್ದಾರೆ, ಹಬ್ಬದ ದಿನ ಸಿಹಿಯನ್ನೂ ತಿನ್ನುತ್ತಾರೆ. ಮೊದಲು ಬರೆದಿದ್ದ 'ಮಾತ್ರೆಯ ಬದಲಿಗಲ್ಲ' ಎಂಬ ಸಾಲು ಈಗ ಇದರ ಜೊತೆ ಹೊಂದುತ್ತಿರಲಿಲ್ಲ. ಅದನ್ನು ಅಳಿಸಿದೆ. ಬರೆಯಲು ಹತ್ತು ನಿಮಿಷವೂ ಹಿಡಿಯಲಿಲ್ಲ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ.

ಪುಡಿ ಮಾರಾಟವಾಯಿತು. ಆ ತಿಂಗಳು ಅಂಗಡಿಯ ಬಾಕಿ ತೀರಿತು, ನನ್ನವರು ಬೆಳಿಗ್ಗೆ ಹಿಂದೆ ಬಂದು ನಿಂತಾಗ ಹೇಳಲು ನನ್ನ ಹತ್ತಿರ ಒಂದು ಉತ್ತರವಿತ್ತು.

ಆ ವರ್ಷದ ಯುಗಾದಿಗೆ ಅಕ್ಕ, ಭಾವ ಬಂದಿದ್ದರು. ಅತ್ತೆ ಒಬ್ಬಟ್ಟನ್ನು ಒಂದಲ್ಲ, ಎರಡು ಹಾಕಿಸಿಕೊಂಡರು. ವರ್ಷಕ್ಕೊಂದು ಸಲ ಡಾಕ್ಟರಿಗೆ ಹೇಳದೆ ಮಾಡುತ್ತಿದ್ದ ಕಳ್ಳತನ ಅದು. ಆ ದಿನ ಮಾತ್ರೆ ಅರ್ಧ ಹೆಚ್ಚು ನುಂಗುತ್ತಿದ್ದರು. ಭಾವ ತಮ್ಮ ಎಲೆಯ ಮೇಲೆ ಒಬ್ಬಟ್ಟು ಬಡಿಸಗೊಡದೆ ಕೈ ಅಡ್ಡ ಹಿಡಿದಿದ್ದರು, ಅತ್ತೆಯ ಎಲೆಯನ್ನು ನೋಡುತ್ತಿದ್ದರು. ಊಟವಾದ ಮೇಲೆ ನನ್ನನ್ನು ಕೇಳಿದರು.

"ನಿಮ್ಮತ್ತೆಯವರ ಶುಗರ್ ಹೇಗಿದೆಯಮ್ಮ ಈಗ?"

"ಪರವಾಗಿಲ್ಲ ಭಾವ, ಚೆನ್ನಾಗಿದೆ" ಎಂದೆ. ಅದು ನಿಜವೇ. ಮಾತ್ರೆಯಲ್ಲಿ ಚೆನ್ನಾಗಿತ್ತು. ಭಾವ ತಲೆದೂಗಿದರು. ಅವರು ಪುಟ ಓದಿ ಕೇಳುತ್ತಿದ್ದಾರೆ ಎಂದು ನನಗೆ ಹೊಳೆಯಲಿಲ್ಲ ಎಂದರೆ ಯಾರು ನಂಬುತ್ತಾರೆ? ಫೈಲು ಮಾಡಿ ಇಡುವ ಮನುಷ್ಯ ಓದದೆ ಇರುತ್ತಾರೆಯೇ? ಹೊಳೆಯಿತು. ಕೋಸಂಬರಿ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಜೂನಿನಲ್ಲಿ ಅಕ್ಕ ಫೋನು ಮಾಡಿದಳು. ಸ್ಕೂಲು ಶುರುವಾದ ಸಂಗತಿ, ಮನೆಯ ಸೂರು ಸೋರುವ ಸಂಗತಿ ಎಲ್ಲ ಆದ ಮೇಲೆ, "ನಿನ್ನ ಪುಡಿ ತರಿಸಿಕೊಂಡಿದಾರೆ ಕಣೇ ಇವರು" ಎಂದಳು. "ಆಗಲೇ ಎರಡು ಡಬ್ಬಿ ಆಯ್ತು. ದುಬಾರಿ ಕಣೇ, ಆದ್ರೂ ನೀನು ಬರೆದಿದೀಯ ಅಂತ. ನಿನಗೆ ಹೇಳಬೇಡ ಅಂದ್ರು, ಪುಕ್ಕಟೆ ಕಳಿಸಿಬಿಡ್ತಾಳೆ, ಅವಳಿಗೇ ಕಷ್ಟ ಇದೆ ಅಂತ."

ನನ್ನ ಕೈಲಿ ಫೋನಿತ್ತು. ಅತ್ತೆ ಅಲ್ಲೇ ಎದುರಿಗೆ ಕೂತು, ಮಧ್ಯಾಹ್ನದ ಮಾತ್ರೆಯ ಬೆಳ್ಳಿ ಕಾಗದ ಬಿಚ್ಚುತ್ತಿದ್ದರು. ಅಕ್ಕನಿಗೆ ಆಗಲೇ ಹೇಳಬೇಕಿತ್ತು. ಅತ್ತೆ ಆ ಪುಡಿಯ ಡಬ್ಬಿಯನ್ನೇ ನೋಡಿಲ್ಲ, ನಾನೂ ನೋಡಿಲ್ಲ. ಇಷ್ಟೇ ಮಾತು. ಬಾಯಿಯವರೆಗೂ ಬಂತು. ಆಮೇಲೆ ಅಕ್ಕನ ಮುಖ, ಭಾವನ ಫೈಲು, ಅರಕಲಗೂಡಿನ ಆ ಮನೆಯಲ್ಲಿ ಇನ್ನು ಮೇಲೆ ನಾನು ಏನಾಗುತ್ತೇನೆ ಎಂಬುದೆಲ್ಲ ಒಟ್ಟಿಗೆ ಬಂತು.

"ಮಾತ್ರೆ ಬಿಡಬೇಡಿ ಅಂತ ಹೇಳು ಅಕ್ಕ" ಎಂದೆ.

"ನಿಮ್ಮತ್ತೆ ಬಿಟ್ರಲ್ಲ?"

"ಆದ್ರೂ. ಒಬ್ಬೊಬ್ಬರಿಗೆ ಒಂದೊಂದು ಥರ. ಡಾಕ್ಟರನ್ನ ಕೇಳಿ ಬಿಡಲಿ."

"ಹೇಳ್ತೀನಿ" ಎಂದಳು. ಹೇಳಿದಳೋ ಇಲ್ಲವೋ, ಹೇಳಿದರೂ ಅವರು ಕೇಳಿದರೋ ಇಲ್ಲವೋ, ನಾನು ಮತ್ತೆ ವಿಚಾರಿಸಲಿಲ್ಲ. ಆ ದಿನ ಸಂಜೆ ಪುಟದಿಂದ ನಾಲ್ಕು ಸಾಲನ್ನು ಅಳಿಸಬೇಕೆಂದು ಕೂತೆ. ಅಳಿಸಿದರೆ ಭಾನುವಾರ ಭಾವನಿಗೆ ಗೊತ್ತಾಗುತ್ತದೆ ಎನಿಸಿತು. ಹಾಗೇ ಬಿಟ್ಟೆ. ಮಾರಾಟದ ಪಟ್ಟಿಯಲ್ಲಿ ಊರಿನ ಹೆಸರೂ ಬರುತ್ತಿತ್ತು, ಅಲ್ಲಿಯವರೆಗೆ ನಾನು ನೋಡುತ್ತಿದ್ದದ್ದು ಮೊತ್ತ ಮಾತ್ರ. ಜುಲೈನಲ್ಲಿ ಒಂದು, ಆಗಸ್ಟಿನಲ್ಲಿ ಒಂದು ಅರಕಲಗೂಡು ಎಂದಿತ್ತು. ಅದರ ಪಾಲೂ ನನ್ನ ಹೆಸರಿಗೆ ಸೇರಿತ್ತು.

ಭಾವನಿಗೆ ಹೊಸ ಶೂ ಕಚ್ಚಿತು. ಎಡಗಾಲಿನ ಕಿರುಬೆರಳಿನ ಪಕ್ಕ. ಅವರಿಗೆ ನೋವೇ ಗೊತ್ತಾಗಲಿಲ್ಲವಂತೆ. ಸಾಕ್ಸಿನಲ್ಲಿ ರಕ್ತದ ಕಲೆ ಇದ್ದದ್ದನ್ನು ಒಗೆಯುವಾಗ ಅಕ್ಕ ನೋಡಿದಳು. ಅರಿಶಿನ ಹಚ್ಚಿದರು, ಮುಲಾಮು ಹಚ್ಚಿದರು. ದಸರಾ ರಜೆ ಮುಗಿಯುವ ಹೊತ್ತಿಗೆ ಬೆರಳು ಕಪ್ಪಾಗಿತ್ತು. ಅರಕಲಗೂಡಿನ ಡಾಕ್ಟರು ಕಾಲು ನೋಡಿದ ಕೂಡಲೇ ಹಾಸನಕ್ಕೆ ಬರೆದುಕೊಟ್ಟರು.

ನಾನು ಆಸ್ಪತ್ರೆಗೆ ಹೋದಾಗ ಭಾವ ಗೋಡೆಗೊರಗಿ ಕೂತಿದ್ದರು. ಗಡ್ಡ ಬಂದಿತ್ತು. ಅವರನ್ನು ಗಡ್ಡದಲ್ಲಿ ನೋಡಿದ್ದು ಅದೇ ಮೊದಲು. ಡಾಕ್ಟರು ಬಂದು ಚೀಟಿಗಳನ್ನು ನೋಡಿ, "ಮಾತ್ರೆ ಯಾಕೆ ಬಿಟ್ರಿ ಮೇಷ್ಟ್ರೇ? ಓದಿದೋರು ನೀವು" ಎಂದರು.

"ಆಯುರ್ವೇದ ತಗೊಳ್ತಿದ್ದೆ" ಎಂದರು ಭಾವ.

"ಯಾರು ಕೊಟ್ರು?"

ಭಾವ ನನ್ನ ಕಡೆ ನೋಡಲೇ ಇಲ್ಲ. "ನಾನೇ ತರಿಸಿಕೊಂಡೆ ಸಾರ್" ಎಂದರು.

ಕಾಲು ಉಳಿಯುವುದಿಲ್ಲ, ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದು ಡಾಕ್ಟರು ಅಕ್ಕನನ್ನು ಹೊರಗೆ ಕರೆದು ಹೇಳಿದರು. ಅಕ್ಕ ಅಳಲಿಲ್ಲ. ಸಹಿ ಎಲ್ಲಿ ಹಾಕಬೇಕು ಎಂದು ಕೇಳಿದಳು. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು ಅಳತೊಡಗಿದೆ. ಪಕ್ಕದಲ್ಲಿ ಹಳೇಕೋಟೆ ಕಡೆಯ ಹೆಂಗಸೊಬ್ಬಳು, ಗಂಡನ ಆರೈಕೆಗೆ ಬಂದವಳು, ನನ್ನ ಬೆನ್ನು ಸವರಿ, "ಯಾಕವ್ವಾ ಅಂಗೆ ಅಳ್ತೀಯ? ಕಾಲ್ ಓದ್ರೆ ಓಯ್ತು, ಜೀವ ಉಳೀತಲ್ಲ. ನಿಮ್ ಅಣ್ಣಾರೇನವ್ವಾ?" ಎಂದಳು. ಭಾವ ಎಂದೆ. "ಒಳ್ಳೇವ್ರು ಕಣವ್ವಾ. ನನ್ ಗಂಡುಂಗೆ ಪೇಪರ್ ಓದಿ ಏಳ್ತಾರೆ" ಎಂದಳು. ಅವಳ ಕೈ ನನ್ನ ಬೆನ್ನ ಮೇಲಿರುವುದು ನನಗೆ ಸಹಿಸಲಾಗಲಿಲ್ಲ. ಎದ್ದು ಒಳಗೆ ಹೋದೆ.

ಅಕ್ಕ ಕಾಫಿ ತರಲು ಫ್ಲಾಸ್ಕ್ ಹಿಡಿದು ಕೆಳಗಿಳಿದಿದ್ದಳು. ಈಗ ಹೇಳದಿದ್ದರೆ ಎಂದೂ ಹೇಳುವುದಿಲ್ಲ ಎಂದು ಗೊತ್ತಿತ್ತು.

"ಭಾವ, ಅತ್ತೆ ಆ ಪುಡಿ ತಿಂದೇ ಇಲ್ಲ."

ಅವರು ಪೇಪರ್ ಮಡಚಿದರು. "ಅಂದ್ರೆ?"

"ನಾನು ಬರೆದದ್ದು ಸುಳ್ಳು. ಅವರು ಈಗಲೂ ದಿನಾ ಮಾತ್ರೆ ತಗೊಳ್ತಾರೆ. ಒಂದು ದಿನವೂ ಬಿಟ್ಟಿಲ್ಲ."

ಅವರು ಮಡಚಿದ ಪೇಪರನ್ನು ಪಕ್ಕಕ್ಕಿಟ್ಟರು. ಆಮೇಲೆ, ತರಗತಿಯಲ್ಲಿ ಹುಡುಗನೊಬ್ಬ ತಪ್ಪು ಉತ್ತರ ಹೇಳಿದಾಗ ಕೇಳುವ ದನಿಯಲ್ಲಿ, ಸಿಟ್ಟಿಲ್ಲದೆ ಕೇಳಿದರು.

"ಯುಗಾದೀಲಿ ಒಬ್ಬಟ್ಟು ತಿಂದ್ರಲ್ಲಮ್ಮ? ನಾನೇ ನೋಡಿದೆನಲ್ಲ?"

"ಆವತ್ತು ಅರ್ಧ ಮಾತ್ರೆ ಹೆಚ್ಚಿಗೆ ನುಂಗಿದ್ರು ಭಾವ."

"ಹೂಂ" ಎಂದರು. ಬ್ಯಾಂಡೇಜು ಸುತ್ತಿದ ಕಾಲನ್ನು ನೋಡಿದರು. "ನೀನು ಬರೆದಿದೀಯಲ್ಲ ಅಂತ ನಾನು ಬೇರೆ ಯಾರನ್ನೂ ಕೇಳಲೇ ಇಲ್ಲ."

ನಾನು ಕಾಲು ಮುಟ್ಟಲು ಬಗ್ಗಿದೆ. ಯಾವ ಕಾಲು ಮುಟ್ಟಬೇಕು? ಹಾಗೇ ಮಂಚದ ಕಬ್ಬಿಣ ಹಿಡಿದು ನಿಂತೆ.

"ಯಾಕೆ ಬರೆದೆ?"

"ಇವರಿಗೆ ಕೆಲಸ ಹೋಗಿತ್ತಲ್ಲ ಭಾವ. ಜಾಹೀರಾತಿನ ದುಡ್ಡು ನಿಂತೇಹೋಗಿತ್ತು."

"ನನ್ನ ಕೇಳಿದ್ರೆ ಕೊಡ್ತಿರಲಿಲ್ವ?"

ಮೆಟ್ಟಿಲ ಮೇಲೆ ಅಕ್ಕನ ಚಪ್ಪಲಿ ಸದ್ದಾಯಿತು. ಭಾವ ಬೇಗಬೇಗ, "ನಿಮ್ಮಕ್ಕನಿಗೆ ಹೇಳಬೇಡ. ನಿಮ್ಮಪ್ಪ ಅಮ್ಮ ಹೋದ ಮೇಲೆ ಅವಳಿಗೆ ತವರು ಅಂತ ಉಳಿದಿರೋದು ನೀನೊಬ್ಬಳೇ" ಎಂದರು.

ಎರಡು ದಿನದ ಮೇಲೆ ಕಾಲು ತೆಗೆದರು.

ಹೊಳೆನರಸೀಪುರಕ್ಕೆ ಬಂದವಳೇ ಮೆಂತ್ಯದ ಪುಟವನ್ನೇ ತೆಗೆದುಹಾಕಿದೆ. ಕಂಪನಿಗೆ ಇನ್ನು ಮುಂದೆ ನನ್ನ ಹೆಸರು ಬೇಡ ಎಂದು ಬರೆದೆ. ಉತ್ತರ ಬರಲಿಲ್ಲ. ಬಾಕಿಯಿದ್ದ ಪಾಲೂ ಬರಲಿಲ್ಲ. ಸ್ವಲ್ಪ ದಿನಕ್ಕೆ ಅವರ ಪುಟವೇ ತೆರೆಯದಾಯಿತು. ಕಂಪನಿ ಮುಚ್ಚಿತೋ, ಹೆಸರು ಬದಲಾಯಿಸಿಕೊಂಡಿತೋ ಗೊತ್ತಿಲ್ಲ. ನನ್ನ ಪುಟ ಓದಿ ಕೊಂಡವರು ಭಾವ ಒಬ್ಬರೇ ಅಲ್ಲ. ಪಟ್ಟಿಯಲ್ಲಿ ಎಷ್ಟೋ ಊರುಗಳಿದ್ದವು. ಹೆಸರಿರಲಿಲ್ಲ, ವಿಳಾಸವಿರಲಿಲ್ಲ, ಬರೀ ಊರು. ಆ ಊರುಗಳಲ್ಲಿ ಯಾರು ಮಾತ್ರೆ ಬಿಟ್ಟರು, ಯಾರಿಗೆ ಏನಾಯಿತು ಎಂದು ಕೇಳಲು ದಾರಿಯಿರಲಿಲ್ಲ. ನಾನು ಬರೆದ ಸಾಲುಗಳನ್ನೇ ಹುಡುಕಿ ನೋಡಿದೆ. ಬೇರೆ ಏಳೆಂಟು ವೆಬ್‌ಸೈಟಿನವರು ಹಾಗೆ ಹಾಗೇ ಕದ್ದು ಹಾಕಿಕೊಂಡಿದ್ದರು, ಬೇರೆ ಬೇರೆ ಪುಡಿಗಳ ಲಿಂಕ್ ಜೊತೆ. ಒಂದರಲ್ಲಿ ಅತ್ತೆ ಅಜ್ಜಿಯಾಗಿದ್ದರು. ಎಲ್ಲರಿಗೂ ಬರೆದೆ. ಇದು ಸುಳ್ಳು, ಬರೆದವಳೇ ನಾನು, ದಯವಿಟ್ಟು ತೆಗೆಯಿರಿ. ಒಬ್ಬರೂ ತೆಗೆಯಲಿಲ್ಲ. ಒಬ್ಬನು ಮಾತ್ರ, ನಿಮ್ಮದೇ ಬರಹ ಎಂಬುದಕ್ಕೆ ಪುರಾವೆ ಕೊಡಿ ಎಂದು ಉತ್ತರಿಸಿದ. ಪುರಾವೆಯನ್ನು ನಾನೇ ಅಳಿಸಿದ್ದೆ.

ವೆಬ್‌ಸೈಟಿನ ಹೆಸರಿಗೆ ವರ್ಷದ ಬಾಡಿಗೆ ಕಟ್ಟುವ ದಿನ ಬಂದಾಗ ಕಟ್ಟಲಿಲ್ಲ. ಬೇರೆ ಯಾರೋ ಆ ಹೆಸರನ್ನು ಕೊಂಡು ಅಲ್ಲಿ ಇಸ್ಪೀಟಿನ ಜೂಜು ನಡೆಸತೊಡಗಿದರು. ಹುರುಳಿ ಸಾರಿಗೆಂದು ಹುಡುಕಿಕೊಂಡು ಬಂದವರಿಗೆ ಅದು ಸಿಗುತ್ತಿತ್ತು.

ನನ್ನವರು ಹಿರೀಸಾವೆಯಲ್ಲಿ ಹೈವೇ ಪಕ್ಕದ ಹೋಟೆಲಿನಲ್ಲಿ ಕ್ಯಾಷಿಯರ್ ಕೆಲಸಕ್ಕೆ ಸೇರಿದರು. ಓಡಾಡಲು ದೂರ, ಚನ್ನರಾಯಪಟ್ಟಣದಲ್ಲಿ ಅಪ್ಪನ ಖಾಲಿ ಬಿದ್ದಿದ್ದ ಟೈಪಿಂಗ್ ಕೋಣೆಯಲ್ಲೇ ಮಲಗುತ್ತಿದ್ದರು. ವಾರಕ್ಕೊಂದು ಸಲ ಬರುತ್ತಿದ್ದರು. ನಡೆದದ್ದನ್ನು ಅವರಿಗೆ ಹೇಳಿದ್ದೆ. "ನಾನೇ ಹಾಕು ಅಂದಿದ್ದು" ಎಂದರು. ಲಿಂಕ್ ಹಾಕು ಎಂದಿದ್ದರು, ನಿಜ. ಆ ನಾಲ್ಕು ಸಾಲು ಬರೆ ಎಂದಿರಲಿಲ್ಲ. ಇಬ್ಬರೂ ಅದನ್ನು ಮತ್ತೆ ಮಾತಾಡಲಿಲ್ಲ. ಬರುಬರುತ್ತಾ ಬೇರೆ ಮಾತೂ ಕಡಿಮೆಯಾಯಿತು. ಅತ್ತೆ ಮಾತ್ರ, "ಯಾಕೆ ಈಗ ಕಂಪ್ಯೂಟರ್ ಮುಂದೆ ಕೂರಲ್ಲ? ಆ ಹುರುಳಿ ಸಾರಿನ ಹುಡುಗಿ ಏನಾದ್ರೂ ಬರೆದ್ಲಾ?" ಎಂದು ಆಗಾಗ ಕೇಳುತ್ತಿದ್ದರು.

ಭಾವ ಕೃತಕ ಕಾಲು ಹಾಕಿಸಿಕೊಂಡರು. ಅದು ಸರಿಹೋಗಲಿಲ್ಲ, ಮತ್ತೆ ಹುಣ್ಣಾಯಿತು, ಬಿಚ್ಚಿಟ್ಟರು. ಮಹಡಿಯ ತರಗತಿಗೆ ಹತ್ತಲಾಗದೆ ಸ್ವಯಂ ನಿವೃತ್ತಿ ತಗೊಂಡರು. ನಾನು ತಿಂಗಳಿಗೊಮ್ಮೆ ಅರಕಲಗೂಡಿಗೆ ಹೋಗುತ್ತಿದ್ದೆ. ಭಾವ ಮೊದಲಿನಂತೆಯೇ, "ಬಾಮ್ಮ, ಬಸ್ಸಲ್ಲಿ ಸೀಟು ಸಿಕ್ತಾ?" ಎನ್ನುತ್ತಿದ್ದರು. ಆದರೆ ಏನಾದರೂ ಬರೆದೆಯಾ ಎಂದು ಒಂದು ದಿನವೂ ಕೇಳಲಿಲ್ಲ. ಬೀರುವಿನ ಮೇಲೆ ಫೈಲು ಇರುತ್ತಿದ್ದ ಜಾಗದಲ್ಲಿ ಔಷಧಿಯ ಡಬ್ಬವಿತ್ತು. ಸುಟ್ಟರೋ, ಒಳಗೆಲ್ಲೋ ಇಟ್ಟರೋ. ಅವರು ನನ್ನನ್ನು ಬೈದಿದ್ದರೆ ಅಳುತ್ತಿದ್ದೆ, ಕ್ಷಮಿಸಿದೆ ಎಂದಿದ್ದರೂ ಅಳುತ್ತಿದ್ದೆ. ಎರಡೂ ಮಾಡಲಿಲ್ಲ.

ಮುಂದಿನ ಮಳೆಗಾಲದಲ್ಲಿ ಒಂದು ಸಲ ಹೋದಾಗ ಅಕ್ಕ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ತೊಳೆದು ಕವುಚಿಡುತ್ತಿದ್ದೆ. ಭಾವ ನಡುಮನೆಯ ಕಿಟಕಿಯ ಹತ್ತಿರ ಕೂತಿದ್ದರು. ಅಲ್ಲಿಗೆ ನಮ್ಮ ಮಾತು ಕೇಳುತ್ತಿತ್ತು.

"ಒಂದು ಕೇಳ್ತೀನಿ ಕಣೇ" ಎಂದಳು ಅಕ್ಕ, ತಲೆಯೆತ್ತದೆ. "ಬೇಜಾರು ಮಾಡ್ಕೋಬೇಡ. ಎಷ್ಟೋ ದಿನದಿಂದ ತಲೇಲಿದೆ. ನಿಮ್ಮತ್ತೆಗೆ ಹಿಡಿದ ಔಷಧಿ ಇವರಿಗೆ ಯಾಕೆ ಹಿಡೀಲಿಲ್ಲ? ನಾನು ಪಥ್ಯ ಸರಿಯಾಗಿ ಮಾಡಲಿಲ್ವೇನೇ? ಎಲ್ಲಿ ತಪ್ಪಿದೆ ನಾನು?"

ನಾನು ಕಿಟಕಿಯ ಕಡೆ ನೋಡಿದೆ. ಭಾವ ಹೊರಗಿನ ರಸ್ತೆ ನೋಡುತ್ತಿದ್ದರು. ತಿರುಗಲಿಲ್ಲ.

"ನಿಂದೇನೂ ತಪ್ಪಿಲ್ಲ ಅಕ್ಕ" ಎಂದೆ. "ಒಬ್ಬೊಬ್ಬರ ಮೈ ಒಂದೊಂದು ಥರ."

"ಹಾಗೇ ಇರಬೇಕು" ಎಂದಳು. ಕೊನೆಯ ತಟ್ಟೆಯನ್ನು ನನ್ನ ಕಡೆ ಸರಿಸಿದಳು. ನಾನು ಅದನ್ನು ತೊಳೆದು ಇಟ್ಟು, ಕೈ ಒರೆಸಿಕೊಂಡು, ಐದು ಗಂಟೆಯ ಬಸ್ಸಿಗೆ ಹೊರಟೆ.